ಆರರಲ್ಲಿ ಸೊನ್ನೆ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪೂರ್ಣಪಾಠ. ಲೆಕ್ಕಗಳನ್ನು ಬಿಡುವಾಗಿ ಓದಲು ಬಯಸಿದ ಕೇಳುಗರಿಗಾಗಿ ಇಲ್ಲಿ ಪ್ರಕಟಿಸಿದ್ದೇವೆ.)

ನಾನಿರುವುದು ಠಾಣೆಯ ಘೋಡಬಂದರ್ ರಸ್ತೆಯಲ್ಲಿ. ಒಂದು ಕಡೆ ಯೇವೂರಿನ ಗುಡ್ಡ, ಅದರಾಚೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು. ಇನ್ನೊಂದು ಕಡೆ ಖಾಡಿ. ನಡುವೆ ನಾವು, ನಮ್ಮ ಎತ್ತರದ ಕಟ್ಟಡಗಳು, ಗಾಯಮುಖದ ಏರಿನಲ್ಲಿ ಸಾಲುಗಟ್ಟಿ ನಿಂತ ಲಾರಿಗಳು. ಬೆಳಿಗ್ಗೆ ವಾಯುವಿಹಾರಕ್ಕೆ ಹೋದರೆ ನಮ್ಮ ವಯಸ್ಸಿನವರ ಮಾತು ಹೆಚ್ಚಾಗಿ ಮಂಡಿನೋವಿನದೇ. ಯಾರು ಯಾವ ಮುಲಾಮು ಹಚ್ಚುತ್ತಾರೆ, ಯಾರು ಯಾವ ಮಾತ್ರೆ ನುಂಗುತ್ತಾರೆ ಎಂಬುದು ನಮಗೆಲ್ಲ ಬಾಯಿಪಾಠ. ಆ ಮಾತ್ರೆಗಳಲ್ಲಿ ಒಂದರ ಹೆಸರು ಡೈಕ್ಲೋಫೆನಾಕ್. ನಿಮ್ಮ ಮನೆಯ ಔಷಧದ ಡಬ್ಬಿಯಲ್ಲೂ ಬಹುಶಃ ಇದ್ದೀತು.

ಈ ದಿನ ನಾನು ಹೇಳಹೊರಟಿರುವುದು ಆ ಮಾತ್ರೆಯ ಬಗ್ಗೆ, ರಣಹದ್ದುಗಳ ಬಗ್ಗೆ, ಜೊತೆಗೆ ನಾನು ಮೂವತ್ತು ವರ್ಷ ಅನ್ನ ತಿಂದ ಕಸುಬಿನ ಬಗ್ಗೆ. ಪ್ರಾಣಿಗಳ ಮೇಲೆ ನಡೆಯುವ ಔಷಧ ಪ್ರಯೋಗಗಳ ಅಂಕಿಅಂಶಗಳನ್ನು ಲೆಕ್ಕ ಹಾಕಿ ಅರ್ಥ ಹೇಳುವುದು ನನ್ನ ಕೆಲಸವಾಗಿತ್ತು. ಸಂಖ್ಯಾಶಾಸ್ತ್ರ ಎಂದ ಕೂಡಲೆ ರೇಡಿಯೋ ಬಂದ್ ಮಾಡಬೇಡಿ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು.

ಮೊದಲು ಒಂದು ತಪ್ಪೊಪ್ಪಿಗೆ. ನಾನು ಕೆಲಸಕ್ಕೆ ಸೇರಿದ ಹೊಸತು. ಪ್ರಯೋಗಾಲಯದ ಹೆಸರು ಬೇಡ. ದನಕರುಗಳಿಗೆಂದು ತಯಾರಾಗುತ್ತಿದ್ದ ಒಂದು ಔಷಧವನ್ನು ಆರು ಮೊಲಗಳಿಗೆ ಕೊಟ್ಟು ನೋಡಿದ್ದರು. ಆರೂ ಆರೋಗ್ಯವಾಗಿದ್ದವು. ‘ಆರರಲ್ಲಿ ಸೊನ್ನೆ’ ಎಂದು ನಾನು ಕೋಷ್ಟಕ ಬರೆದೆ. ಮೇಲಿನವರು ಅದನ್ನು ತಿದ್ದಿ ‘ಔಷಧವು ನಿರಪಾಯಕಾರಿ’ ಎಂದು ಬರೆಸಿದರು. ನಾನು ಸಹಿ ಹಾಕಿದೆ. ವರದಿ ಹೋದ ಮೇಲೆ ಹಿರಿಯ ಸಹೋದ್ಯೋಗಿಯೊಬ್ಬರು ಊಟದ ಹೊತ್ತಿನಲ್ಲಿ ಕೇಳಿದರು: “ಅಲ್ಲಪ್ಪ, ಆರರಲ್ಲಿ ಸೊನ್ನೆ ಅಂದ್ರೆ ಆರು ಸಾವಿರದಲ್ಲೂ ಸೊನ್ನೆಯೇ ಏನು?” ನನಗೆ ಉತ್ತರ ಹೊಳೆಯಲಿಲ್ಲ. ಎಂ.ಎಸ್ಸಿ. ಪದವಿ ಇತ್ತು, ಉತ್ತರ ಇರಲಿಲ್ಲ.

ಆ ಉತ್ತರವನ್ನು ಈಗ ನಿಮ್ಮ ಮುಂದೆ ಇಡುತ್ತೇನೆ. ಡೊಂಬಿವಲಿಯಿಂದ ನೀವು ಹಿಡಿಯುವ ಬೆಳಗಿನ ಫಾಸ್ಟ್ ಲೋಕಲ್ ಸೋಮವಾರದಿಂದ ಶನಿವಾರದವರೆಗೆ ಆರು ದಿನವೂ ಸರಿಯಾದ ಸಮಯಕ್ಕೆ ಬಂತು ಎನ್ನೋಣ. ‘ಈ ಗಾಡಿ ತಡವಾಗುವುದೇ ಇಲ್ಲ’ ಎಂದು ಬರೆದುಕೊಡುತ್ತೀರಾ? ಡೊಂಬಿವಲಿಯವರು ಯಾರೂ ಬರೆದುಕೊಡುವುದಿಲ್ಲ. ಆರು ದಿನ ಅದೃಷ್ಟ ಚೆನ್ನಾಗಿತ್ತು ಎಂದುಕೊಂಡು ಏಳನೆಯ ದಿನವೂ ಹತ್ತು ನಿಮಿಷ ಮೊದಲೇ ಹೊರಡುತ್ತೀರಿ. ನಮ್ಮ ಮೊಲಗಳ ವಿಷಯವೂ ಅಷ್ಟೆ. ಮೂರು ಪ್ರಾಣಿಗಳಲ್ಲಿ ಒಂದನ್ನು ಕೊಲ್ಲುವಷ್ಟು ಕೆಟ್ಟ ಔಷಧವನ್ನು ಆರು ಪ್ರಾಣಿಗಳಿಗೆ ಕೊಟ್ಟರೆ, ಆರೂ ಬದುಕುವ ಸಂಭವ ಎಷ್ಟು? ಮೂರರಲ್ಲಿ ಎರಡು ಎಂಬ ಭಿನ್ನರಾಶಿಯನ್ನು ಆರು ಸಲ ಗುಣಿಸಿ. 729ರಲ್ಲಿ 64 ಬರುತ್ತದೆ. ನೂರರಲ್ಲಿ ಸುಮಾರು ಒಂಬತ್ತು. ಅಷ್ಟು ಕ್ರೂರವಾದ ಔಷಧವೂ ನೂರು ಪ್ರಯೋಗಾಲಯಗಳಲ್ಲಿ ಒಂಬತ್ತರ ಕಣ್ಣಿಗೆ ಸಾಧುವಾಗಿ ಕಾಣುತ್ತದೆ.

ನಮ್ಮ ಶಾಸ್ತ್ರದಲ್ಲಿ ಇದಕ್ಕೊಂದು ಕ್ರಮ ಇದೆ. ಒಂದೇ ಸಂಖ್ಯೆಯನ್ನು ಹೇಳಿ ಸುಮ್ಮನಾಗದೆ, ನಿಜವಾದ ಸಂಖ್ಯೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ವ್ಯಾಪ್ತಿಯನ್ನೂ ಹೇಳಬೇಕು. ಇದನ್ನು ವಿಶ್ವಾಸದ ವ್ಯಾಪ್ತಿ ಎನ್ನುತ್ತೇವೆ. ಆರರಲ್ಲಿ ಸೊನ್ನೆ ಸಿಕ್ಕಾಗ ನಿಜವಾದ ಅಪಾಯ ಸೊನ್ನೆಯಿಂದ ಹಿಡಿದು ಶೇಕಡ 39ರವರೆಗೂ ಇರಬಹುದು. ನಾನು ಸಹಿ ಹಾಕಿದ ವರದಿಯಲ್ಲಿ ಆ 39 ಇರಲಿಲ್ಲ. ಆ ಔಷಧದ ಗತಿ ಮುಂದೆ ಏನಾಯಿತೋ ನನಗೆ ತಿಳಿಯಲಿಲ್ಲ. ಆದರೆ ಬಿಟ್ಟುಹೋದ ಆ ಅಂಕಿಯನ್ನು ನಾನು ಮರೆತಿಲ್ಲ.

ಇನ್ನು ರಣಹದ್ದುಗಳಿಗೆ ಬರೋಣ. ಹಾವೇರಿ ಕಡೆಯ ನಮ್ಮೂರಿನಲ್ಲಿ ಎತ್ತು ಸತ್ತರೆ ಊರಾಚೆಯ ಬಯಲಿಗೆ ಎಳೆದು ಹಾಕುತ್ತಿದ್ದರು. ಒಂದು ಗಂಟೆಯೊಳಗೆ ಆಕಾಶದಲ್ಲಿ ಒಂದು ಚುಕ್ಕೆ, ಆಮೇಲೆ ಹತ್ತು, ಆಮೇಲೆ ಎಣಿಸಲಾಗದಷ್ಟು. ಸಂಜೆಯ ಹೊತ್ತಿಗೆ ಉಳಿಯುತ್ತಿದ್ದುದು ಎಲುಬು ಮಾತ್ರ. ಹುಡುಗರಾಗಿದ್ದ ನಮಗೆ ಅವುಗಳ ಕುತ್ತಿಗೆ ನೋಡಿ ಭಯ. ದೊಡ್ಡವರು ಮಾತ್ರ, “ಅವು ಇಲ್ಲದಿದ್ರೆ ಊರು ನಾರ್ತಿತ್ತು” ಎನ್ನುತ್ತಿದ್ದರು. ಆ ಮಾತು ಎಷ್ಟು ನಿಜ ಎಂಬುದು ಬಹಳ ತಡವಾಗಿ ದೇಶಕ್ಕೇ ತಿಳಿಯಿತು.

1990ರ ದಶಕದಲ್ಲಿ ರಾಜಸ್ಥಾನದ ಭರತಪುರದ ಕೇವಲಾದೇವ ಉದ್ಯಾನದಲ್ಲಿ ಹದ್ದುಗಳು ಮರದ ಕೊಂಬೆಯಲ್ಲೇ ಕತ್ತು ಇಳಿಬಿಟ್ಟು ಕೂತು, ದಿನಗಳ ಮೇಲೆ ಉದುರಿ ಬೀಳುವುದನ್ನು ವಿಭು ಪ್ರಕಾಶ್ ಗಮನಿಸಿದರು. ಅವರು ಆಗ ನಮ್ಮ ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಯಾಗಿದ್ದರು. 1999ರಲ್ಲಿ ಅವರ ಎಣಿಕೆ ಆ ಸಂಸ್ಥೆಯ ಪತ್ರಿಕೆಯಲ್ಲೇ ಪ್ರಕಟವಾಯಿತು. ಮುಂದೆ ದೇಶದ ಹೆದ್ದಾರಿಗಳ ಉದ್ದಕ್ಕೂ ಮತ್ತೆ ಮತ್ತೆ ಎಣಿಸಿದಾಗ ತಿಳಿದದ್ದು ಇದು: 1992ರಿಂದ 2007ರೊಳಗೆ ಬಿಳಿಬೆನ್ನಿನ ರಣಹದ್ದುಗಳು ಶೇಕಡ 99.9ರಷ್ಟು ಇಲ್ಲವಾಗಿದ್ದವು. ಸಾವಿರ ಇದ್ದಲ್ಲಿ ಒಂದು. ಉದ್ದಕೊಕ್ಕಿನವೂ ಶೇಕಡ 97ರಷ್ಟು ಹೋಗಿದ್ದವು. ಮುಂಬಯಿಯ ಡೂಂಗರ್‌ವಾಡಿಯಲ್ಲಿ ಪಾರಸಿಗಳು ತಮ್ಮ ಶವಸಂಸ್ಕಾರಕ್ಕೆ ಹದ್ದುಗಳಿಲ್ಲದೆ ಸೂರ್ಯನ ಶಾಖವನ್ನು ಕೇಂದ್ರೀಕರಿಸುವ ಫಲಕಗಳನ್ನು ಇಟ್ಟುಕೊಳ್ಳಬೇಕಾಯಿತು.

ಮೊದಮೊದಲು ಎಲ್ಲರ ಅನುಮಾನ ಯಾವುದೋ ವೈರಸ್ ಮೇಲೆ. ಉತ್ತರ ಬಂದದ್ದು 2004ರಲ್ಲಿ, ಪಾಕಿಸ್ತಾನದ ಪಂಜಾಬಿನಿಂದ. ಅಮೆರಿಕದ ಪಶುವೈದ್ಯ ವಿಜ್ಞಾನಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಸತ್ತ ಹದ್ದುಗಳನ್ನು ಕೊಯ್ದು ನೋಡಿದರು. ಬಹಳಷ್ಟು ಹಕ್ಕಿಗಳ ಮೂತ್ರಪಿಂಡ ಕೆಟ್ಟು, ಒಳಗಿನ ಅಂಗಗಳ ಮೇಲೆಲ್ಲ ಯೂರಿಕ್ ಆಮ್ಲ ಸುಣ್ಣ ಬಳಿದಂತೆ ಕೂತಿತ್ತು. ಇದಕ್ಕೆ ಗೌಟ್ ಎಂದು ಹೆಸರು. ಗೌಟ್ ಇದ್ದ 25 ಹಕ್ಕಿಗಳನ್ನು ಪರೀಕ್ಷಿಸಿದಾಗ 25ರಲ್ಲೂ ಡೈಕ್ಲೋಫೆನಾಕ್ ಸಿಕ್ಕಿತು. ಗೌಟ್ ಇಲ್ಲದೆ ಸತ್ತಿದ್ದ 13 ಹಕ್ಕಿಗಳಲ್ಲಿ ಒಂದರಲ್ಲೂ ಸಿಗಲಿಲ್ಲ. ಈ ಔಷಧವನ್ನು ದನಗಳ ನೋವು, ಬಾವುಗಳಿಗೆ ಕೊಡುತ್ತಿದ್ದರು. ಔಷಧ ಪಡೆದ ದನ ಬೇಗ ಸತ್ತರೆ ಮಾಂಸದಲ್ಲಿ ಉಳಿದದ್ದು ಹದ್ದಿನ ಹೊಟ್ಟೆಗೆ ಹೋಗುತ್ತಿತ್ತು.

ಇಲ್ಲಿ ಒಬ್ಬ ಸಂಶಯವಾದಿ ಎದ್ದು ನಿಂತು, “ಇದೆಲ್ಲ ಕಾಕತಾಳೀಯ ಇರಬಾರದೇಕೆ?” ಎಂದು ಕೇಳಬಹುದು. ಕೇಳಬೇಕು ಕೂಡ. ಅದಕ್ಕೆ ಉತ್ತರಿಸುವ ವಿಧಾನವನ್ನು ಕೊಟ್ಟವನು ರೊನಾಲ್ಡ್ ಫಿಶರ್. 1935ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಅವನು ಚಹಾದ ಉದಾಹರಣೆ ಕೊಡುತ್ತಾನೆ. ಬಟ್ಟಲಿಗೆ ಮೊದಲು ಹಾಲು ಬಿತ್ತೋ ಡಿಕಾಕ್ಷನ್ ಬಿತ್ತೋ ಎಂದು ರುಚಿ ನೋಡಿಯೇ ಹೇಳಬಲ್ಲೆ ಎನ್ನುತ್ತಾಳೆ ಒಬ್ಬ ಮಹಿಳೆ. ಎಂಟು ಬಟ್ಟಲು ಇಡಿ. ನಾಲ್ಕು ಒಂದು ಬಗೆ, ನಾಲ್ಕು ಇನ್ನೊಂದು. ಎಂಟರಿಂದ ನಾಲ್ಕನ್ನು ಆರಿಸಲು 70 ದಾರಿಗಳಿವೆ. ಆದ್ದರಿಂದ ಸುಮ್ಮನೆ ಊಹಿಸಿ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವ 70ರಲ್ಲಿ ಒಂದು. ಹೇಳಿಬಿಟ್ಟರೆ ಅವಳ ನಾಲಿಗೆಯನ್ನು ನಂಬಲು ಕಾರಣ ಸಿಕ್ಕಿತು. ಉಡುಪಿ ಹೋಟೆಲಿನ ಕಾಫಿ ಕುಡಿದು ಬೆಳೆದ ನಮಗೆ ಈ ಪರೀಕ್ಷೆ ಹೊಸದೇನಲ್ಲ.

ಅದೇ ಲೆಕ್ಕವನ್ನು ಹದ್ದುಗಳಿಗೆ ಹಾಕಿ. ಒಟ್ಟು 38 ಹಕ್ಕಿಗಳು. ಅವುಗಳಲ್ಲಿ 13ನ್ನು ಆರಿಸುವ ದಾರಿಗಳು 541 ಕೋಟಿಗೂ ಹೆಚ್ಚು. ಔಷಧಕ್ಕೂ ಗೌಟಿಗೂ ಸಂಬಂಧವೇ ಇಲ್ಲದಿದ್ದರೆ, ಔಷಧ ಸಿಗದ ಹದಿಮೂರೂ ಹಕ್ಕಿಗಳು ಸರಿಯಾಗಿ ಗೌಟ್ ಇಲ್ಲದ ಹದಿಮೂರೇ ಆಗಿರುವ ಸಂಭವ 541 ಕೋಟಿಯಲ್ಲಿ ಒಂದು. ಕಾಕತಾಳೀಯ ಎನ್ನುವವರ ಬಾಯಿ ಮುಚ್ಚಿತು. ಆದರೂ ಓಕ್ಸ್ ತಂಡ ಅಲ್ಲಿಗೇ ನಿಲ್ಲಿಸಲಿಲ್ಲ. ಎರಡು ಸಂಗತಿ ಜೊತೆಜೊತೆಗೆ ಕಂಡವು ಎಂದಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎಂದು ಹೇಳಲಾಗದು. ಅವರು ಸೆರೆಯಲ್ಲಿದ್ದ ಕೆಲವೇ ಹಕ್ಕಿಗಳಿಗೆ ಔಷಧ ಕೊಟ್ಟು, ಔಷಧ ಪಡೆದ ಪ್ರಾಣಿಗಳ ಮಾಂಸ ತಿನ್ನಿಸಿ ನೋಡಿದರು. ಅದೇ ರೋಗ, ಅದೇ ಸಾವು ಕಂಡಿತು; ಪ್ರಮಾಣ ಹೆಚ್ಚಿದಂತೆ ಸಾವೂ ಹೆಚ್ಚಿತು.

ಇಲ್ಲಿ ಔಷಧಶಾಸ್ತ್ರದ ಒಂದು ಹಳೆಯ ಅಳತೆಯ ಪರಿಚಯ ಮಾಡಿಕೊಳ್ಳೋಣ. ಗುಂಪಿನ ಅರ್ಧದಷ್ಟು ಪ್ರಾಣಿಗಳನ್ನು ಕೊಲ್ಲುವ ಪ್ರಮಾಣ ಎಷ್ಟು ಎಂಬ ಅಳತೆ ಅದು. 1927ರಲ್ಲಿ ಟ್ರೆವನ್ ಎಂಬ ಬ್ರಿಟಿಷ್ ವಿಜ್ಞಾನಿ ಇದನ್ನು ಜಾರಿಗೆ ತಂದ. ಆಮೇಲಿನ ಎಷ್ಟೋ ದಶಕ ಇದೊಂದು ಅಂಕಿಗಾಗಿ ಪ್ರಯೋಗಾಲಯಗಳಲ್ಲಿ ಗುಂಪುಗುಂಪಾಗಿ ಇಲಿಗಳು ಸತ್ತವು. ಕೆಲವೇ ಪ್ರಾಣಿಗಳಲ್ಲಿ ಹಂತಹಂತವಾಗಿ ನೋಡುವ ವಿಧಾನಗಳು ಬಂದ ಮೇಲೆ, 2002ರಲ್ಲಿ ಆ ಹಳೆಯ ಪರೀಕ್ಷೆಯನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಯಿಂದ ತೆಗೆದುಹಾಕಿದರು. ಬಿಳಿಬೆನ್ನಿನ ಹದ್ದಿಗೆ ಡೈಕ್ಲೋಫೆನಾಕಿನ ಈ ಅಳತೆ ಕಿಲೋ ತೂಕಕ್ಕೆ 0.098ರಿಂದ 0.225 ಮಿಲಿಗ್ರಾಂ ಎಂದು ಅಂದಾಜಾಯಿತು. ಎರಡು ತುದಿಗಳ ನಡುವೆ ಎರಡು ಪಟ್ಟಿಗೂ ಮೀರಿದ ಅಂತರ. ಪರೀಕ್ಷೆಗೆ ಸಿಕ್ಕ ಹಕ್ಕಿಗಳು ಕೆಲವೇ ಆದ್ದರಿಂದ ಅದಕ್ಕಿಂತ ನಿಖರವಾಗಿ ಹೇಳಲಾಗಲಿಲ್ಲ. ಆದರೂ ತೀರ್ಮಾನಕ್ಕೆ ಅಷ್ಟು ಸಾಕಿತ್ತು. ನಾಲ್ಕೂವರೆ ಕಿಲೋ ತೂಗುವ ಹದ್ದಿಗೆ ಹೆಚ್ಚೆಂದರೆ ಒಂದು ಮಿಲಿಗ್ರಾಂ. ನಮ್ಮ ಮಂಡಿನೋವಿನ ಮಾತ್ರೆ ಸಾಮಾನ್ಯವಾಗಿ 50 ಮಿಲಿಗ್ರಾಂ. ಒಂದು ಮಾತ್ರೆಯಲ್ಲಿ ಐವತ್ತು ಹದ್ದುಗಳ ಪಾಲು ಇದೆ.

“ಹಾಗಿದ್ದರೂ ಎಲ್ಲ ದನಗಳಿಗೂ ಈ ಔಷಧ ಕೊಡುತ್ತಿರಲಿಲ್ಲವಲ್ಲ, ಹದ್ದುಗಳು ಸಾವಿರಕ್ಕೊಂದು ಉಳಿಯುವಷ್ಟು ಸತ್ತದ್ದು ಹೇಗೆ?” ಎಂಬುದು ಮುಂದಿನ ಪ್ರಶ್ನೆ. 2004ರಲ್ಲೇ ರೈಸ್ ಗ್ರೀನ್ ಮತ್ತು ಸಂಗಡಿಗರು ಈ ಲೆಕ್ಕ ಹಾಕಿದರು. ಹದ್ದು ಎಷ್ಟು ದಿನಕ್ಕೊಮ್ಮೆ ತಿನ್ನುತ್ತದೆ, ವರ್ಷಕ್ಕೆ ಎಷ್ಟು ಮರಿ ಮಾಡುತ್ತದೆ ಎಂಬುದನ್ನೆಲ್ಲ ಸೇರಿಸಿ ನೋಡಿದಾಗ ಬಂದ ಉತ್ತರ ಯಾರೂ ನಿರೀಕ್ಷಿಸದಷ್ಟು ಚಿಕ್ಕದು: 130ರಿಂದ 760 ಕಳೇಬರಗಳಲ್ಲಿ ಒಂದೇ ಒಂದು ಮಾರಕವಾಗಿದ್ದರೂ ಈ ಕುಸಿತಕ್ಕೆ ಸಾಕು.

ನೀವೇ ಲೆಕ್ಕ ಹಾಕಿ ನೋಡಬಹುದು. ಹದ್ದಿಗೆ ಮೂರು ದಿನಕ್ಕೊಂದು ಊಟ ಎಂದು ಹಿಡಿಯೋಣ. ವರ್ಷಕ್ಕೆ ಸುಮಾರು 120 ಊಟ. 760ರಲ್ಲಿ ಒಂದು ವಿಷದ ಊಟವಾದರೂ, ವರ್ಷದಲ್ಲಿ ಒಮ್ಮೆ ಅದು ಎದುರಾಗುವ ಸಂಭವ ನೂರಕ್ಕೆ ಹದಿನೈದರ ಹತ್ತಿರ. ಜೋಡಿಹದ್ದು ಇಡುವುದು ವರ್ಷಕ್ಕೆ ಒಂದೇ ಮೊಟ್ಟೆ. ಮರಿ ದೊಡ್ಡದಾಗಿ ಗೂಡು ಕಟ್ಟಲು ಹಲವು ವರ್ಷ ಬೇಕು. ನೂರಕ್ಕೆ ಹದಿನೈದು ಹೆಚ್ಚುವರಿ ಸಾವನ್ನು ಅಂಥ ಸಂಸಾರ ತಡೆದುಕೊಳ್ಳದು. ಒಂದು ಕಳೇಬರದ ಸುತ್ತ ಹತ್ತಾರು ಹದ್ದುಗಳು ಒಟ್ಟಿಗೆ ಕೂತು ಉಣ್ಣುತ್ತವೆ ಎಂಬುದನ್ನೂ ಮರೆಯಬೇಡಿ.

ನಿಜವಾಗಿ ಎಷ್ಟಿತ್ತು? 2004–05ರಲ್ಲಿ ದೇಶದ ಹಲವು ರಾಜ್ಯಗಳಿಂದ 1848 ಕಳೇಬರಗಳ ಪಿತ್ತಜನಕಾಂಗದ ಮಾದರಿ ತಂದು ಪರೀಕ್ಷಿಸಿದರು. ಶೇಕಡ 10.1ರಲ್ಲಿ ಡೈಕ್ಲೋಫೆನಾಕ್ ಇತ್ತು. ಸಿಕ್ಕಿದ್ದೆಲ್ಲ ಮಾರಕ ಪ್ರಮಾಣದ್ದಲ್ಲ. ಆದರೆ 760ರಲ್ಲಿ ಒಂದು ಸಾಕು ಎನ್ನುವಲ್ಲಿ ಹತ್ತರಲ್ಲಿ ಒಂದು ಸಿಕ್ಕಿತ್ತು. 1848 ದೊಡ್ಡ ಸಂಖ್ಯೆಯಾದ್ದರಿಂದ ವಿಶ್ವಾಸದ ವ್ಯಾಪ್ತಿಯೂ ಕಿರಿದು, ಸುಮಾರು 9ರಿಂದ 11. ನನ್ನ ಆರು ಮೊಲಗಳ 39ರ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ಆದರೆ ಒಂದು ಎಚ್ಚರಿಕೆ. ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ಸಾಲದು. ನಮ್ಮ ಕಟ್ಟಡದ ಹತ್ತು ಮನೆಗಳಲ್ಲಿ ಒಂದೇ ವಾರ ಹೊಟ್ಟೆ ಕೆಟ್ಟರೆ ಅದು ಹತ್ತು ಸಾಕ್ಷ್ಯವಲ್ಲ. ಮೇಲಿನ ನೀರಿನ ಟಾಕಿ ಒಂದೇ, ಸಾಕ್ಷ್ಯವೂ ಒಂದೇ. ಹಾಗೆಯೇ ಒಂದೇ ಪಂಜರದ ಹತ್ತು ಇಲಿಗಳನ್ನು ಹತ್ತು ಎಂದು ಲೆಕ್ಕ ಹಾಕುವುದು ನಮ್ಮ ಕಸುಬಿನಲ್ಲಿ ಬಹಳ ಜನ ಮಾಡುವ ತಪ್ಪು. ಇನ್ನೊಂದು ತಪ್ಪು ಆಯ್ಕೆಯದು. ಪಂಜರಕ್ಕೆ ಕೈ ಹಾಕಿದರೆ ಮೊದಲು ಸಿಗುವುದು ಮಂಕಾದ ಇಲಿ, ಚುರುಕಾದದ್ದು ತಪ್ಪಿಸಿಕೊಳ್ಳುತ್ತದೆ. ಮೊದಲು ಸಿಕ್ಕ ಐದಕ್ಕೆ ಔಷಧ ಕೊಟ್ಟು, ಆಮೇಲೆ ಸಿಕ್ಕ ಐದನ್ನು ಹೋಲಿಕೆಗೆ ಇಟ್ಟುಕೊಂಡರೆ ನೀವು ಅಳೆದದ್ದು ಔಷಧವನ್ನಲ್ಲ, ಇಲಿಯ ಚುರುಕುತನವನ್ನು. ಅದಕ್ಕೇ ಚೀಟಿ ಎತ್ತಿ ಗುಂಪು ಮಾಡಬೇಕು. ಯಾವುದಕ್ಕೆ ಔಷಧ ಹೋಗಿದೆ ಎಂಬುದು ನೋಡುವವನಿಗೆ ಗೊತ್ತಿರಬಾರದು.

ಡೈಕ್ಲೋಫೆನಾಕ್ ಬೇಡವಾದರೆ ದನಗಳ ನೋವಿಗೆ ಬೇರೆ ಏನು? ಇದೂ ನ್ಯಾಯವಾದ ಪ್ರಶ್ನೆ. ನೋವಿನಿಂದ ನರಳುವ ಎಮ್ಮೆಯ ಮುಂದೆ ನಿಂತ ರೈತನಿಗೆ ಪರ್ಯಾಯ ಕೊಡದೆ ನಿಷೇಧ ಒಂದನ್ನೇ ಕೊಟ್ಟರೆ ಅವನು ಕೇಳುವುದಿಲ್ಲ. ಮೆಲಾಕ್ಸಿಕಾಮ್ ಎಂಬ ಔಷಧದ ಹೆಸರು ಬಂತು. ಆದರೆ ಪರೀಕ್ಷಿಸುವುದು ಹೇಗೆ? ಅಳಿವಿನ ಅಂಚಿನ ಹಕ್ಕಿಗಳನ್ನೇ ಪ್ರಯೋಗಕ್ಕೆ ಬಲಿ ಕೊಡಲಾಗದು. ಮೊದಲು ಪ್ರಪಂಚದ ಮೃಗಾಲಯಗಳ, ಹಕ್ಕಿವೈದ್ಯರ ಹಳೆಯ ದಾಖಲೆಗಳನ್ನು ಕೇಳಿ ತರಿಸಿದರು. 60 ಜಾತಿಗಳ 700ಕ್ಕೂ ಹೆಚ್ಚು ಹಕ್ಕಿಗಳಿಗೆ ಮೆಲಾಕ್ಸಿಕಾಮ್ ಕೊಡಲಾಗಿತ್ತು, ಸಾವು ಸೊನ್ನೆ.

ಮತ್ತೆ ಸೊನ್ನೆ ಬಂತು ನೋಡಿ. ಆದರೆ ಈ ಸಲ ಕೆಳಗಿರುವುದು 700. ಸೊನ್ನೆ ಸಿಕ್ಕಾಗ ಬಳಸುವ ಒಂದು ಸುಲಭ ಸೂತ್ರ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಮೂರನ್ನು ಒಟ್ಟು ಸಂಖ್ಯೆಯಿಂದ ಭಾಗಿಸಿ. ಅದು ಅಪಾಯದ ಮೇಲಿನ ಮಿತಿ. ಮೂವತ್ತಕ್ಕಿಂತ ಹೆಚ್ಚಿನ ಸಂಖ್ಯೆಗೆ ಇದು ಚೆನ್ನಾಗಿ ಹೊಂದುತ್ತದೆ. 700ರಿಂದ ಭಾಗಿಸಿದರೆ ಶೇಕಡ ಅರ್ಧಕ್ಕಿಂತ ಕಡಿಮೆ. ಆದರೂ 60 ಜಾತಿಗಳಲ್ಲಿ ನಮ್ಮ ಹದ್ದುಗಳ ಹತ್ತಿರದ ನೆಂಟರು ಕೆಲವೇ. ಆದ್ದರಿಂದ ಆಫ್ರಿಕಾದ ಬಿಳಿಬೆನ್ನಿನ ಹದ್ದುಗಳಲ್ಲಿ ಕಡಿಮೆ ಪ್ರಮಾಣದಿಂದ ಆರಂಭಿಸಿ ಹಂತಹಂತವಾಗಿ ಏರಿಸಿದರು. ಕೊನೆಗೆ ಭಾರತದ ಹದ್ದುಗಳಲ್ಲೂ ನೋಡಿದರು. ಎಲ್ಲ ಕ್ಷೇಮ. 2006ರಲ್ಲಿ ಭಾರತ ಸರ್ಕಾರ ದನಗಳ ಡೈಕ್ಲೋಫೆನಾಕನ್ನು ನಿಷೇಧಿಸುವಾಗ, ಕೈಗೆ ಕೊಡಲು ಇನ್ನೊಂದು ಔಷಧ ಇತ್ತು. ಮುಂದಿನ ಎರಡು ವರ್ಷಗಳಲ್ಲಿ ಡೈಕ್ಲೋಫೆನಾಕ್ ಇದ್ದ ಕಳೇಬರಗಳ ಪಾಲು ಸುಮಾರು ಅರ್ಧಕ್ಕೆ ಇಳಿಯಿತು.

ಇನ್ನೊಂದು ಪರೀಕ್ಷೆಯ ಕಥೆ ಇದಕ್ಕಿಂತ ಸೂಕ್ಷ್ಮ. ಟಾಲ್ಫೆನಾಮಿಕ್ ಆಮ್ಲ ಎಂಬ ಮತ್ತೊಂದು ನೋವಿನ ಔಷಧವನ್ನು ಭಾರತದಲ್ಲಿ ಸೆರೆಯಲ್ಲಿದ್ದ ಹದ್ದುಗಳ ಮೇಲೆ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದರು. 40 ಹಕ್ಕಿಗಳಿಗೆ ಔಷಧ; 15 ಹಕ್ಕಿಗಳಿಗೆ ಔಷಧವಿಲ್ಲದ ದ್ರಾವಣ ಮಾತ್ರ. ಔಷಧ ಪಡೆದವುಗಳಲ್ಲಿ ಎರಡು ಸತ್ತವು. ಹೋಲಿಕೆಯ ಗುಂಪಿನಲ್ಲಿ ಒಂದೂ ಸಾಯಲಿಲ್ಲ.

ಫಿಶರನ ಚಹಾದ ಲೆಕ್ಕ ಹಾಕಿ. ಒಟ್ಟು 55 ಹಕ್ಕಿಗಳಲ್ಲಿ ಎರಡು ಹೇಗಿದ್ದರೂ ಸಾಯುತ್ತಿದ್ದವು ಎಂದುಕೊಂಡರೆ, ಎರಡೂ ಔಷಧದ ಗುಂಪಿನಲ್ಲೇ ಇರುವ ಸಂಭವ ಎಷ್ಟು? 40ನ್ನು 39ರಿಂದ ಗುಣಿಸಿ, 55ನ್ನು 54ರಿಂದ ಗುಣಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ನೂರಕ್ಕೆ 52 ಬರುತ್ತದೆ. ನಾಣ್ಯ ಚಿಮ್ಮಿದ ಹಾಗೆ. ಪಾಠಪುಸ್ತಕದ ಪ್ರಕಾರ ಈ ವ್ಯತ್ಯಾಸಕ್ಕೆ ಮಹತ್ವವಿಲ್ಲ. ಹಳೆಯ ನಾನಾಗಿದ್ದರೆ ‘ನಿರಪಾಯಕಾರಿ’ ಎಂದು ಬರೆದು ಸಹಿ ಹಾಕುತ್ತಿದ್ದೆ.

ಆದರೆ ‘ಮಹತ್ವವಿಲ್ಲ’ ಎಂದರೆ ‘ಅಪಾಯವಿಲ್ಲ’ ಎಂದು ಅರ್ಥವಲ್ಲ. 40ರಲ್ಲಿ ಎರಡು ಎಂದರೆ ಶೇಕಡ 5. ಅದರ ವಿಶ್ವಾಸದ ವ್ಯಾಪ್ತಿ ಅರ್ಧ ಶೇಕಡದಿಂದ ಸುಮಾರು 17ರವರೆಗೆ. ಇಷ್ಟು ಅಗಲವಾದ ವ್ಯಾಪ್ತಿಯಲ್ಲಿ ಒಳ್ಳೆಯ ಔಷಧವೂ ಅಡಗಬಹುದು, ಕೆಟ್ಟದ್ದೂ ಅಡಗಬಹುದು. ಜೊತೆಗೆ ಆ ಎರಡು ಹಕ್ಕಿಗಳು ಸತ್ತದ್ದು ಗೌಟಿನಿಂದಲೇ. ಸಂಶೋಧಕರು ಇದನ್ನು ಮುಚ್ಚಿಡಲಿಲ್ಲ. ಆ ಎರಡು ಹಕ್ಕಿಗಳು ಮೊದಲೇ ದುರ್ಬಲವಾಗಿದ್ದಿರಬಹುದು ಎಂದು ತಮ್ಮ ಅಭಿಪ್ರಾಯ ಹೇಳಿ, ಔಷಧ ಪಡೆದ ಎಮ್ಮೆಗಳ ಮಾಂಸವನ್ನು ನಾಲ್ಕು ಹದ್ದುಗಳಿಗೆ ತಿನ್ನಿಸಿ ಏನೂ ಆಗಲಿಲ್ಲ ಎಂಬುದನ್ನೂ ತೋರಿಸಿ, ಈ ಔಷಧದಿಂದ ಹೆಚ್ಚುವರಿ ಸಾವು ಇದ್ದರೂ ಅತ್ಯಲ್ಪ ಎಂದರು. ಅವರ ತೀರ್ಮಾನ ಒಪ್ಪುವುದೋ ಬಿಡುವುದೋ ಬೇರೆ ಮಾತು. ಆ ಎರಡು ಸಾವುಗಳು ವರದಿಯಲ್ಲಿ ಎದ್ದು ಕಾಣುವಂತೆ ಇವೆ. ನನ್ನ ವರದಿಗೂ ಅವರ ವರದಿಗೂ ಇರುವ ವ್ಯತ್ಯಾಸ ಅದೇ.

“ಹಾಗಾದರೆ ಇನ್ನೂ ನಾನೂರು ಹಕ್ಕಿಗಳನ್ನು ಪರೀಕ್ಷಿಸಲಿ” ಎನ್ನಬಹುದು. ನಾನೂರು ಹಕ್ಕಿಗಳನ್ನು ಎಲ್ಲಿಂದ ತರುವುದು? ನಮ್ಮ ಕಸುಬಿನ ಇಕ್ಕಟ್ಟು ಇದು. ಕಡಿಮೆ ಪ್ರಾಣಿ ಬಳಸಿದರೆ ಉತ್ತರ ಸಿಗದೆ ಅವುಗಳ ಜೀವ ವ್ಯರ್ಥ. ಹೆಚ್ಚು ಬಳಸಿದರೆ ಅಗತ್ಯಕ್ಕಿಂತ ಹೆಚ್ಚಿನ ಜೀವ ವ್ಯರ್ಥ. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ವಿಜ್ಞಾನಿಗಳು ಮೂರು ಮಾತು ಹೇಳಿದರು: ಪ್ರಾಣಿಯ ಬದಲು ಬೇರೆ ದಾರಿ ಇದ್ದರೆ ಅದನ್ನು ಹಿಡಿ, ಸಂಖ್ಯೆ ಇಳಿಸು, ನೋವು ಇಳಿಸು. ನಮ್ಮ ದೇಶದಲ್ಲೂ 1998ರ ನಿಯಮಗಳು ಬಂದ ಮೇಲೆ, ಎಷ್ಟು ಪ್ರಾಣಿ, ಏಕೆ ಅಷ್ಟು ಎಂಬುದಕ್ಕೆ ನೀತಿ ಸಮಿತಿಯ ಮುಂದೆ ಉತ್ತರ ಕೊಡಬೇಕು. ಆ ಉತ್ತರವನ್ನು ಪ್ರಯೋಗಕ್ಕೆ ಮೊದಲೇ ಲೆಕ್ಕ ಹಾಕಿ ಕೊಡಬೇಕಾದವನು ಸಂಖ್ಯಾಶಾಸ್ತ್ರದವನು. ಪ್ರಯೋಗ ಮುಗಿದ ಮೇಲೆ ಅವನನ್ನು ಕರೆದರೆ, ಹೆಣದ ಮುಂದೆ ವೈದ್ಯನನ್ನು ಕರೆದಂತೆ.

ಈ ಇಕ್ಕಟ್ಟಿಗೆ ಒಂದು ಗಣಿತದ ಎಲ್ಲೆ ಹಾಕಿದವರು ನಮ್ಮ ನಾಡಿನಲ್ಲೇ ಹುಟ್ಟಿದವರು. 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್. ತೆಲುಗು ಮನೆತನದವರು, ಕೊಲ್ಕತ್ತದಲ್ಲಿ ಕೆಲಸ ಮಾಡಿದರು. 1945ರಲ್ಲಿ, ಇಪ್ಪತ್ತೈದು ತುಂಬುವ ವರ್ಷದಲ್ಲಿ, ಅವರು ಪ್ರಕಟಿಸಿದ ಲೇಖನದ ಒಂದು ಫಲಿತಾಂಶವನ್ನು ಸರಳವಾಗಿ ಹೀಗೆ ಹೇಳಬಹುದು: ಕೈಯಲ್ಲಿರುವ ಮಾಹಿತಿ ಇಷ್ಟು ಎಂದಾದರೆ, ಪಕ್ಷಪಾತವಿಲ್ಲದ ಯಾವ ಅಂದಾಜೂ ಒಂದು ಮಿತಿಯನ್ನು ಮೀರಿ ನಿಖರವಾಗದು. ಎಷ್ಟೇ ಜಾಣನಿರಲಿ, ಎಷ್ಟೇ ದೊಡ್ಡ ಕಂಪ್ಯೂಟರ್ ಇರಲಿ. 2023ರಲ್ಲಿ ಅವರು ತೀರಿಕೊಂಡಾಗ 102 ವರ್ಷ. ಆರು ಮೊಲಗಳಿಂದ ಆರು ಮೊಲಗಳಷ್ಟೇ ಜ್ಞಾನ ಬರುತ್ತದೆ ಎಂದು ನನ್ನ ಹಿರಿಯ ಸಹೋದ್ಯೋಗಿ ಹೇಳುತ್ತಿದ್ದುದರ ಹಿಂದೆ ಈ ಗಣಿತವೇ ಇತ್ತು.

ಇದೆಲ್ಲ ಹಕ್ಕಿಗಳ ವಿಷಯ, ನಮಗೇನು ಎನ್ನುವವರಿಗೆ ಕೊನೆಯ ಲೆಕ್ಕ. ಹದ್ದುಗಳು ಹೋದ ಮೇಲೆ ಕಳೇಬರಗಳು ಬಯಲಲ್ಲಿ, ನೀರಿನ ಬದಿಯಲ್ಲಿ ಕೊಳೆತವು. ನಾಯಿಗಳು ಹೆಚ್ಚಿದವು. 2024ರಲ್ಲಿ ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ ಸುದರ್ಶನ್ ಒಂದು ಅಧ್ಯಯನ ಪ್ರಕಟಿಸಿದರು. ಹದ್ದುಗಳಿಗೆ ಹೇಳಿಮಾಡಿಸಿದಂತಿದ್ದ ಜಿಲ್ಲೆಗಳನ್ನು ಒಂದು ಗುಂಪು ಮಾಡಿ, ಅಷ್ಟಾಗಿ ಹೊಂದದ ಜಿಲ್ಲೆಗಳನ್ನು ಹೋಲಿಕೆಯ ಗುಂಪಾಗಿ ಇಟ್ಟುಕೊಂಡು, ಕುಸಿತದ ಮೊದಲು ಮತ್ತು ನಂತರ ಜನರ ಮರಣ ಪ್ರಮಾಣ ಹೇಗೆ ಬದಲಾಯಿತು ಎಂದು ನೋಡಿದರು. ಮೊದಲ ಗುಂಪಿನ ಜಿಲ್ಲೆಗಳಲ್ಲಿ ಜನರ ಸಾವು ಶೇಕಡ 4ಕ್ಕೂ ಹೆಚ್ಚು ಏರಿತ್ತು. 2000ರಿಂದ 2005ರ ನಡುವೆ ವರ್ಷಕ್ಕೆ ಸುಮಾರು ಒಂದು ಲಕ್ಷ ಹೆಚ್ಚುವರಿ ಸಾವು ಎಂಬುದು ಅವರ ಅಂದಾಜು. ಇದು ಚೀಟಿ ಎತ್ತಿ ಮಾಡಿದ ಪ್ರಯೋಗವಲ್ಲ, ಹಾಗೆ ಮಾಡಲು ಸಾಧ್ಯವೂ ಇಲ್ಲ. ಆದ್ದರಿಂದ ಆ ಅಂಕಿಯನ್ನು ಅಂದಾಜೆಂದೇ ತೆಗೆದುಕೊಳ್ಳಬೇಕು. ಆದರೂ ‘ಅವು ಇಲ್ಲದಿದ್ರೆ ಊರು ನಾರ್ತಿತ್ತು’ ಎಂಬ ನಮ್ಮೂರ ಹಿರಿಯರ ಮಾತಿಗೆ ಲೆಕ್ಕ ಸಿಕ್ಕಿದ್ದು ಹೀಗೆ.

ಕೆಲವು ವರ್ಷಗಳ ಹಿಂದೆ ಊರಿನಿಂದ ನನ್ನ ತಮ್ಮ ಫೋನ್ ಮಾಡಿದ್ದ. ಎಮ್ಮೆಯ ಕಾಲು ಊದಿದೆ, ಅಂಗಡಿಯವರು ಇಂಜೆಕ್ಷನ್ ಕೊಟ್ಟಿದ್ದಾರೆ ಎಂದ. ಹೆಸರು ಓದು ಎಂದೆ. ನಿಮೆಸುಲೈಡ್. ಬೇಡ, ಪಶುವೈದ್ಯರ ಹತ್ತಿರ ಹೋಗಿ ಮೆಲಾಕ್ಸಿಕಾಮ್ ಕೇಳು ಎಂದೆ. ಅವನು ಕೇಳಿದ: “ನಮ್ಮೂರಾಗ ಹದ್ದು ನೋಡಿ ಇಪ್ಪತ್ತು ವರ್ಷ ಆತು. ಇಲ್ಲದ ಹದ್ದಿಗೆ ಯಾಕ ಹೆದರ್ಬೇಕು?”

ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಇತ್ತು. ಊರಿನ ಆಕಾಶದಲ್ಲಿ ಅವನು ಕಂಡ ಸೊನ್ನೆಯೂ ಆರರಲ್ಲಿ ಸೊನ್ನೆಯ ಹಾಗೆಯೇ. ಹದ್ದು ಒಂದೇ ದಿನದಲ್ಲಿ ನೂರು ಕಿಲೋಮೀಟರ್ ದಾಟಬಲ್ಲದು. ನಮಗೆ ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ; ಮುಂದೆ ಬಾರದು ಎಂದಂತೂ ಅಲ್ಲ. ಅವನು ಗೊಣಗುತ್ತಲೇ ಸೀಸೆ ಹಿಂದಿರುಗಿಸಿದ. ಆಮೇಲೆ ಕಾನೂನೂ ಬಂತು. 2015ರಲ್ಲೇ, ಮನುಷ್ಯರ ಡೈಕ್ಲೋಫೆನಾಕನ್ನು ದನಕ್ಕೆ ಚುಚ್ಚುವುದನ್ನು ತಡೆಯಲು ದೊಡ್ಡ ಸೀಸೆಗಳನ್ನು ನಿಲ್ಲಿಸಿ 3 ಮಿಲಿಲೀಟರಿಗೆ ಮಿತಿ ಹಾಕಿದ್ದರು. 2023ರಲ್ಲಿ ದನಗಳಿಗೆ ಕೊಡುವ ಕೀಟೊಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್ ನಿಷೇಧವಾದವು. ಅಸೆಕ್ಲೋಫೆನಾಕ್ ದನದ ಮೈಯೊಳಗೆ ಹೋಗಿ ಡೈಕ್ಲೋಫೆನಾಕೇ ಆಗುತ್ತದೆ. ಮುಂಬಾಗಿಲಲ್ಲಿ ತಡೆದದ್ದು ಹಿತ್ತಿಲಿನಿಂದ ಬಂದಂತೆ. 2024ರ ಕೊನೆಯಲ್ಲಿ ನಿಮೆಸುಲೈಡ್ ಸರದಿ.

ಬೆಂಗಳೂರಿಗೆ ಹೋಗುವವರು ರಾಮನಗರದಲ್ಲಿ ಇಳಿದು ನೋಡಬಹುದು. ಶೋಲೆ ಚಿತ್ರದ ಬಂಡೆಗಳ ನಾಡಿನಲ್ಲಿರುವ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮ ಎಂದು ಘೋಷಿಸಿದರು. ಉದ್ದಕೊಕ್ಕಿನ ಹದ್ದುಗಳು ಗೂಡು ಕಟ್ಟುತ್ತಿದ್ದ ಬಂಡೆಗಳು ಅಲ್ಲಿವೆ. ನಮ್ಮ ನವಿ ಮುಂಬಯಿಯಿಂದ ಇನ್ನೂ ಕೆಳಗೆ, ರಾಯಗಡ ಜಿಲ್ಲೆಯ ಮ್ಹಸಳಾ ತಾಲೂಕಿನ ಚಿರಗಾಂವ್ ಎಂಬಲ್ಲಿ ಹಳ್ಳಿಯವರೇ ಹದ್ದುಗಳ ಗೂಡುಗಳನ್ನು ಕಾಪಾಡಿದ್ದಾರೆ.

ನಮ್ಮಲ್ಲಿ ಬಹಳ ಜನರಿಗೆ ಊರಿನಲ್ಲಿ ದನಕರು ಇಟ್ಟುಕೊಂಡ ಅಣ್ಣತಮ್ಮಂದಿರಿದ್ದಾರೆ. ಮುಂದಿನ ಸಲ ಫೋನ್ ಮಾಡಿದಾಗ ದನಕ್ಕೆ ಯಾವ ಇಂಜೆಕ್ಷನ್ ಹಾಕಿಸುತ್ತೀರಿ ಎಂದು ಒಂದು ಮಾತು ಕೇಳಿ. ಪತ್ರಿಕೆಯಲ್ಲಿ ‘ಪರೀಕ್ಷಿಸಲಾಗಿದೆ, ಅಪಾಯವಿಲ್ಲ’ ಎಂದು ಓದಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಎಷ್ಟರಲ್ಲಿ ನೋಡಿದರು? ಯಾವುದರೊಡನೆ ಹೋಲಿಸಿದರು? ಲೆಕ್ಕಕ್ಕೇ ಬಾರದೆ ಹೊರಗೆ ಉಳಿದವರು ಯಾರು? ಡೈಕ್ಲೋಫೆನಾಕ್ ದನಗಳ ನೋವು ಇಳಿಸುತ್ತದೆಯೇ ಎಂದು ನೋಡಿದವರಿಗೆ ಸರಿಯಾದ ಉತ್ತರವೇ ಸಿಕ್ಕಿತ್ತು. ಆ ಪರೀಕ್ಷೆಯಲ್ಲಿ ಹದ್ದಿನ ಹೆಸರು ಇರಲಿಲ್ಲ.

ಬೆಳಿಗ್ಗೆ ಯೇವೂರಿನ ಗುಡ್ಡದ ಮೇಲೆ ಗಿಡುಗಗಳು ಸುತ್ತುತ್ತಿರುತ್ತವೆ. ನಾನು ದಿನವೂ ನಿಂತು ನೋಡುತ್ತೇನೆ. ಇಷ್ಟು ವರ್ಷಗಳಲ್ಲಿ ಒಂದು ರಣಹದ್ದನ್ನೂ ಅಲ್ಲಿ ಕಂಡಿಲ್ಲ. ಆ ಸೊನ್ನೆಯನ್ನು ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಪಕ್ಕದಲ್ಲಿ, ಎಷ್ಟು ದಿನ ನೋಡಿದ್ದೇನೆ ಎಂಬುದನ್ನೂ ಬರೆದಿದ್ದೇನೆ.